ಮಲ್ಪೆಯ ಕಲ್ಲುಕಂಬ, ಮಡಗಾಸ್ಕರ್ ನಂಟು

ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರಿಸ್ ದ್ವೀಪಕ್ಕೆ ಹೋದವರು ಕಲ್ಲುಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳದೆ ಬರುವುದಿಲ್ಲ. ಐದು, ಆರು ಮುಖಗಳ ಆ ಕಂಬಗಳನ್ನು ಯಾರೂ ಕಡೆದಿಲ್ಲ. ಲಾವಾರಸ ಆರಿ ಕುಗ್ಗುವಾಗ ಬಿರುಕುಬಿಟ್ಟು ಮೂಡಿದವು ಅವು. ವಯಸ್ಸು ಸುಮಾರು 8.8 ಕೋಟಿ ವರ್ಷ. ಹೆಚ್ಚುಕಡಿಮೆ ಇದೇ ವಯಸ್ಸಿನ ಲಾವಾ ಮಡಗಾಸ್ಕರ್‌ನಲ್ಲೂ ಹರಡಿದೆ. ಆ ದ್ವೀಪ ಆಗ ನಮ್ಮ ಪಶ್ಚಿಮ ಅಂಚಿಗೆ ಅಂಟಿಕೊಂಡಿತ್ತು. ಎರಡೂ ಸೀಳಿ ದೂರವಾಗುವ ಹೊತ್ತಿನಲ್ಲಿ ಉಕ್ಕಿದ ಲಾವಾ ಇದು.

ಅದಕ್ಕೂ ಹಿಂದೆ ಆಫ್ರಿಕಾ, ದಕ್ಷಿಣ ಅಮೆರಿಕ, ಅಂಟಾರ್ಕ್ಟಿಕಾ, ಆಸ್ಟ್ರೇಲಿಯಾ, ಭಾರತ ಎಲ್ಲವೂ ಗೊಂಡ್ವಾನಾ ಎಂಬ ಒಂದೇ ನೆಲವಾಗಿದ್ದವು. ಗ್ಲಾಸಾಪ್ಟೆರಿಸ್ ಎಂಬ ಗಿಡದ ಎಲೆಯ ಪಳೆಯುಳಿಕೆ ಈ ಐದೂ ಕಡೆ ಸಿಗುತ್ತದೆ. ಇಂಥ ಪುರಾವೆಗಳನ್ನು ಒಟ್ಟುಮಾಡಿ, ಖಂಡಗಳು ಸರಿಯುತ್ತವೆ ಎಂದು 1912ರಲ್ಲಿ ವಾದಿಸಿದವನು ಜರ್ಮನಿಯ ಆಲ್ಫ್ರೆಡ್ ವೆಗೆನರ್. ಆತ ಹವಾಮಾನ ವಿಜ್ಞಾನಿ, ಭೂವಿಜ್ಞಾನಿಗಳಿಗೆ ಹೊರಗಿನವ. ಆದರೆ ಅವನನ್ನು ತಳ್ಳಿಹಾಕಿದ್ದು ಬರೀ ಅಸೂಯೆಯಿಂದಲ್ಲ. ಖಂಡವನ್ನು ದೂಡುವ ಬಲ ಯಾವುದು ಎಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರ ನಿಜಕ್ಕೂ ದುರ್ಬಲವಾಗಿತ್ತು. 1930ರಲ್ಲಿ ಗ್ರೀನ್‌ಲ್ಯಾಂಡ್‌ನ ಹಿಮದಲ್ಲಿ ಆತ ತೀರಿಕೊಂಡ.

ಉತ್ತರ ಇದ್ದದ್ದು ಕಡಲ ತಳದಲ್ಲಿ. ಸಾಗರದ ನಡುವಿನ ಏಣುಗಳಲ್ಲಿ ಶಿಲಾರಸ ಉಕ್ಕಿ, ಹೊಸ ನೆಲವಾಗಿ ಎರಡೂ ಬದಿಗೆ ಸರಿಯುತ್ತದೆ ಎಂದು 1962ರಲ್ಲಿ ಅಮೆರಿಕದ ಹ್ಯಾರಿ ಹೆಸ್ ಬರೆದರು. ಮರುವರ್ಷವೇ ಬ್ರಿಟನ್ನಿನ ಫ್ರೆಡ್ ವೈನ್ ಮತ್ತು ಡ್ರಮಂಡ್ ಮ್ಯಾಥ್ಯೂಸ್ ಅದಕ್ಕೆ ಬಲ ತಂದರು. ಭೂಮಿಯ ಕಾಂತಧ್ರುವಗಳು ಆಗಾಗ ಅದಲುಬದಲಾಗುತ್ತವೆ. ಆರುವ ಕಲ್ಲು ಆಗಿನ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತದೆ. ಹಾಗಾಗಿ ಏಣಿನ ಇಕ್ಕೆಲಗಳಲ್ಲೂ ಸೀರೆಯ ಪಟ್ಟೆಗಳಂತೆ ಕಾಂತೀಯ ಪಟ್ಟೆಗಳು. ಅವರು ಆಧರಿಸಿದ ಮಾಪನ ನಮ್ಮದೇ ಹಿಂದೂ ಮಹಾಸಾಗರದ ಕಾರ್ಲ್ಸ್‌ಬರ್ಗ್ ಏಣಿನದು. ಕೆನಡಾದ ಲಾರೆನ್ಸ್ ಮಾರ್ಲಿಗೂ ಆಗಲೇ ಇದೇ ಹೊಳೆದಿತ್ತು, ಆದರೆ ಪತ್ರಿಕೆಗಳು ಅವರ ಲೇಖನವನ್ನು ಹಿಂದಿರುಗಿಸಿದ್ದವು!

ಮಡಗಾಸ್ಕರ್‌ನಿಂದ ಬಿಡಿಸಿಕೊಂಡ ಭಾರತ ಉತ್ತರಕ್ಕೆ ಓಡಿತು. ಒಂದು ಹಂತದಲ್ಲಿ ವರ್ಷಕ್ಕೆ 15 ಸೆಂಟಿಮೀಟರ್‌ಗೂ ಮೀರಿದ ವೇಗ. ಖಂಡಗಳ ಲೆಕ್ಕದಲ್ಲಿ ಇದು ನಾಗಾಲೋಟ. ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಗುದ್ದಿತು. ನಡುವಿದ್ದ ಟೆಥಿಸ್ ಸಮುದ್ರದ ತಳ ಮಡಿಚಿಕೊಂಡು ಮೇಲೆದ್ದಿತು. ಎವರೆಸ್ಟಿನ ನೆತ್ತಿಯ ಸುಣ್ಣಕಲ್ಲಿನಲ್ಲಿ ಕಡಲಜೀವಿಗಳ ಪಳೆಯುಳಿಕೆ ಇರುವುದು ಅದಕ್ಕೇ. ಈ ತಳ್ಳಾಟ ಇನ್ನೂ ಮುಗಿದಿಲ್ಲ. 2015ರ ಏಪ್ರಿಲ್‌ನಲ್ಲಿ ನೇಪಾಳವನ್ನು ನಡುಗಿಸಿದ 7.8 ತೀವ್ರತೆಯ ಭೂಕಂಪಕ್ಕೂ ಇದೇ ಕಾರಣ.