ಮನೆ ಇಲ್ಲದವರಿಗೂ ಮುಖ ಇದೆ ಸ್ವಾಮಿ!

ಬಂಗಾರಪೇಟೆ ಸ್ಟೇಷನ್ನಿನಲ್ಲಿ ಬೆಳಗಿನ ಜಾವದ ಗಾಡಿ ಹಿಡಿಯುವವರಿಗೆ ಒಂದು ಅಭ್ಯಾಸ. ಗೋಣಿತಾಟು ಹೊದ್ದು ಮಲಗಿದವರನ್ನು ದಾಟಿಕೊಂಡು ಹೋಗುವುದು, ಮುಖ ಮಾತ್ರ ನೋಡದಿರುವುದು. ಯಾರವರು ಅಂತ ಕೇಳಿದರೆ ಉತ್ತರ ಸಿದ್ಧ. "ಕುಡುಕರು ಬಿಡಿ ಸಾರ್." "ಸೋಮಾರಿಗಳು." "ನಮಗಿಂತ ಅವರ ಹತ್ರಾನೇ ದುಡ್ಡು ಜಾಸ್ತಿ." ಷಟರ್ ಎತ್ತುವ ಮುಂಚೆ ಜಗಲಿ ಮೇಲೆ ಮಲಗಿದವನಿಗೆ ಒಂದು ಚೆಂಬು ನೀರು ಎರಚುವ ಪುಣ್ಯಾತ್ಮರೂ ಉಂಟು.

ಹೋದ ವಾರ ಅವರ ಮುಖ ನೋಡಿಕೊಂಡೇ ಬರೋಣವೆಂದು ಕ್ಯಾಮರಾ ಹಿಡಿದು ಹೊರಟೆವು. ಮೂವರು ಮಾತಾಡಿದರು. ಫೋಟೋ ಎಂದಾಗ ಮೂವರದೂ ಒಂದೇ ಮಾತು: "ಪೇಪರ್‌ನಲ್ಲಿ ಬೇಡ ಸಾರ್, ನೆಂಟರು ನೋಡ್ತಾರೆ." ಆದ್ದರಿಂದ ಓದುಗರು ಈ ಚಿತ್ರಗಳನ್ನು ಮಾತಿನಲ್ಲೇ ನೋಡಿಕೊಳ್ಳಬೇಕು.

ಮೊದಲನೆಯವರು ಎಪ್ಪತ್ತು ದಾಟಿದ ತಾತ. ನುಣ್ಣಗೆ ಕ್ಷೌರ ಮಾಡಿದ ಗಲ್ಲ, ಅಂಗಿ ಜೇಬಿನಲ್ಲಿ ಬಾಚಣಿಗೆ. ಚಾಂಪಿಯನ್ ರೀಫ್ಸ್‌ನಲ್ಲಿ ಗಣಿಗೆ ಇಳಿದವರು. ಗಣಿ ಮುಚ್ಚಿದಾಗ ಬಂದ ದುಡ್ಡು ಹೆಂಡತಿಯ ಆಸ್ಪತ್ರೆಗೆ ಹೋಯಿತು, ಆಮೇಲೆ ಹೆಂಡತಿಯೂ ಹೋದರು. "ಒಂದು ತೊಟ್ಟು ಕುಡಿಯಲ್ಲ ಸಾಮಿ. ಕೆಮ್ಮು ಇದೆ. ರಾತ್ರಿ ಕೆಮ್ಮೋನಿಗೆ ಯಾರು ರೂಮು ಕೊಡ್ತಾರೆ?"

ಎರಡನೆಯವರು ಬಸ್ ಸ್ಟ್ಯಾಂಡಿನ ಹೆಂಗಸು. ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಾರೆ, ಬೆಳಿಗ್ಗೆ ಏಳರಿಂದ ರಾತ್ರಿ ಒಂಬತ್ತರವರೆಗೆ. ಗಂಡ ಬಿಟ್ಟು ಹೋದ. ಬಾಡಿಗೆ ಕಟ್ಟಬಲ್ಲರು, ಆದರೆ ಅಡ್ವಾನ್ಸ್ ಎಲ್ಲಿಂದ ತರುವುದು? ಚೀಲದ ತಳದಲ್ಲಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಅರ್ಜಿಗಳ ಕಟ್ಟು. "ವಿಳಾಸ ಬರೀರಿ ಅಂತಾರಣ್ಣ. ಬಸ್ ಸ್ಟ್ಯಾಂಡು ಅಂತ ಬರೆದರೆ ತಗೋತಾರಾ?" ಕೊನೆ ಬಸ್ಸು ಹೋಗುವ ತನಕ ಆಕೆ ಕಣ್ಣು ಮುಚ್ಚುವುದಿಲ್ಲ. ಆಮೇಲೂ ಅರೆನಿದ್ದೆಯೇ.

ಮೂರನೆಯವನು ಕುಪ್ಪಂ ಕಡೆಯ ಹುಡುಗ. ಹಗಲು ಮೂಟೆ ಹೊರುತ್ತಾನೆ, ರಾತ್ರಿ ಒಂದು ಅಂಗಡಿಯ ಮುಂದೆ ಮಲಗುತ್ತಾನೆ. ಪ್ರತಿ ತಿಂಗಳೂ ಊರಿಗೆ ದುಡ್ಡು ಕಳಿಸುತ್ತಾನೆ. "ಸೇಠು ಬೀಗ ಕಾಯೋನು ನಾನೇ ಅಣ್ಣ. ಸಂಬಳ ಮಾತ್ರ ಇಲ್ಲ" ಎಂದು ನಗುತ್ತಾನೆ.

ಇವರಲ್ಲಿ ಕುಡುಕ ಯಾರು, ಸೋಮಾರಿ ಯಾರು ಸ್ವಾಮಿ?

ಬೇರೆ ಊರಿನವರು ಇವರನ್ನು ತಿಳಿಯದಿದ್ದರೆ ಹೋಗಲಿ, ಕೆ.ಜಿ.ಎಫ್. ಸೀಮೆಯ ನಮಗೆ ತಿಳಿಯಬೇಡವೆ? 1880ರಲ್ಲಿ ಜಾನ್ ಟೇಲರ್ ಕಂಪನಿ ಬಂದ ಮೇಲೆ ಇಲ್ಲಿ ಕೂಲಿಗೊಂದು ಲೈನ್ ಮನೆ ಸಿಕ್ಕಿತು. ಮೊದಲಿಗೆ ಬಿದಿರು ತಟ್ಟಿಯ ಗುಡಿಸಲು. ಆದರೆ ಮನೆ ಕಂಪನಿಯದು, ಬೆವರು ಮಾತ್ರ ಕೂಲಿಯವನದು. ಕೆಲಸ ಇದ್ದರೆ ಸೂರು. 2001ರ ಫೆಬ್ರವರಿ 28ರಂದು ಭಾರತ್ ಗೋಲ್ಡ್ ಮೈನ್ಸ್ ಬಾಗಿಲು ಹಾಕಿದಾಗ ಮೂರು ಸಾವಿರಕ್ಕೂ ಹೆಚ್ಚು ಮಂದಿಯ ಕೆಲಸ ಹೋಯಿತು. ತಲೆ ಮೇಲಿನ ಸೂರು ಯಾರದೆಂಬ ಪ್ರಶ್ನೆ ಲೈನು ಲೈನಿಗೂ ಬಂತು. ಇವತ್ತಿಗೂ ಮಾರಿಕುಪ್ಪಂನಿಂದ ಬೆಂಗಳೂರಿಗೆ ಹೋಗುವ ಗಾಡಿ ಕತ್ತಲಲ್ಲೇ ತುಂಬುವುದು ಈ ಸೂರು ಉಳಿಸಿಕೊಳ್ಳಲಿಕ್ಕೇ. ಆ ಗಾಡಿಯಲ್ಲಿ ನಿಂತು ಹೋಗುವವರಿಗೂ ಪ್ಲಾಟ್‌ಫಾರಂ ಮೇಲೆ ಮಲಗಿದವರಿಗೂ ನಡುವೆ ಇರುವುದು ಒಂದು ಕಾಯಿಲೆ, ಒಂದು ಸಾವು, ಇಲ್ಲವೆ ಒಂದು ಅಡ್ವಾನ್ಸು. ಅಷ್ಟೇ.

ಹತ್ತು ವರ್ಷದ ಮೇಲೆ ಅದೇ ತಾರೀಖು, 2011ರ ಫೆಬ್ರವರಿ 28ರ ರಾತ್ರಿ, ಜನಗಣತಿಯವರು ದೇಶದಲ್ಲೆಲ್ಲಾ ಮನೆ ಇಲ್ಲದವರನ್ನು ಎಣಿಸಿದರು. ರಸ್ತೆಬದಿ, ಮೇಲ್ಸೇತುವೆ ಕೆಳಗೆ, ಗುಡಿ ಮಂಟಪ, ರೈಲ್ವೆ ಪ್ಲಾಟ್‌ಫಾರಂ. ಸಿಕ್ಕಿದವರು 17 ಲಕ್ಷಕ್ಕೂ ಮೇಲು. ಎಣಿಕೆ ಸಿಕ್ಕಿತು, ಮುಖ ಸಿಗಲಿಲ್ಲ.

ಮುಖ ನೋಡದಿದ್ದರೆ ಏನಾಗುತ್ತದೆ? ರಾಜ್ಯದಲ್ಲಿ 1975ರ ಭಿಕ್ಷಾಟನೆ ನಿಷೇಧ ಕಾಯ್ದೆ ಇದೆ. ಬೇಡುವವರನ್ನು ಹಿಡಿದು ಪರಿಹಾರ ಕೇಂದ್ರಕ್ಕೆ ಸೇರಿಸಬಹುದು. 2010ರ ಆಗಸ್ಟ್‌ನಲ್ಲಿ ಬೆಂಗಳೂರಿನ ಮಾಗಡಿ ರಸ್ತೆಯ ಕೇಂದ್ರದಲ್ಲಿ ಕೆಲವೇ ದಿನಗಳಲ್ಲಿ ಸಾಲು ಸಾಲಾಗಿ ಜನ ಸತ್ತರು. ಕೂಲಿ ಮಾಡಿ ತಿನ್ನುವವರನ್ನೂ ಭಿಕ್ಷುಕರೆಂದು ಹಿಡಿದು ತಂದಿದ್ದರೆಂಬ ದೂರು ಆಗ ಕೇಳಿಬಂತು. "ಭಿಕ್ಷುಕ" ಎಂದು ನಾವು ಬಾಯಿಗೆ ಬಂದಂತೆ ಆಡುವ ಮಾತಿಗೆ ಬೆಲೆ ತೆರುವವರು ಬೇರೆ.

ಬೆಲೆ ಅಂದಾಗ ನೆನಪಾಯಿತು. ಅಂಗಡಿಯವರೇ, ನಿಮ್ಮ ಕಟ್ಟಡದ ತೆರಿಗೆ ರಸೀದಿ ತೆಗೆದು ನೋಡಿ. ಅದರಲ್ಲಿ ಭಿಕ್ಷುಕರ ಕರ ಅಂತ ನೂರಕ್ಕೆ ಮೂರರಂತೆ ಸೇರಿರುತ್ತದೆ. ಅಂದರೆ ನೀವು ಆಗಲೇ ದುಡ್ಡು ಕೊಟ್ಟಿದ್ದೀರಿ. ಪೇಟೆ ಪಟ್ಟಣಗಳಲ್ಲಿ ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿ ತಂಗುದಾಣ ಬೇಕೆಂದು ಸರ್ಕಾರದ ಯೋಜನೆಯೇ ಹೇಳಿತ್ತು. ಕೆ.ಜಿ.ಎಫ್. ಜನಸಂಖ್ಯೆ 2011ರಲ್ಲೇ ಒಂದೂವರೆ ಲಕ್ಷ ದಾಟಿತ್ತು. ಲೆಕ್ಕ ಕೇಳುವ ಹಕ್ಕು ನಿಮ್ಮದು, ಕೇಳಿ.

ಮೈಸೂರಿನ ಟಿ.ಎಸ್. ಸತ್ಯನ್ ಜೀವಮಾನವೆಲ್ಲಾ ಸಾಮಾನ್ಯ ಜನರ ಮುಖ ತೆಗೆದವರು, 1977ರಲ್ಲಿ ಪದ್ಮಶ್ರೀ ಪಡೆದವರು. ಅವರಂಥ ಕಣ್ಣು ಎಲ್ಲರಿಗೂ ಇರಬೇಕಿಲ್ಲ. ನಾಳೆ ಷಟರ್ ಎತ್ತುವಾಗ ಚೆಂಬಿನ ನೀರು ಕೆಳಗಿಟ್ಟು, "ಎದ್ದೇಳಪ್ಪಾ, ಯಾವೂರು ನಿಂದು?" ಅಂತ ಒಂದು ಮಾತು ಕೇಳಿ, ಸಾಕು.

ಬರುವಾಗ ತಾತ ಕೇಳಿದರು: "ಫೋಟೋ ಪೇಪರ್‌ಗೆ ಬೇಡ ಸಾಮಿ. ನನಗೊಂದು ಕೊಡ್ತೀರಾ? ಪೆನ್ಷನ್ ಅರ್ಜಿಗೆ ಅಂಟಿಸಬೇಕು."

ತೆಗೆದೆವು. ತಾತ ಮೊದಲು ಬಾಚಣಿಗೆ ತೆಗೆದು ತಲೆ ಬಾಚಿಕೊಂಡರು.