ಗರ್ಭಕೋಶದ ಕೊರಳು: ಸೀಳು ಮತ್ತು ಮಾಯುವಿಕೆ

ಒಣಗಿದ ತೊಗಲನ್ನು ಎಳೆದರೆ ಅದು ಸೀಳುತ್ತದೆ. ನೆನೆಸಿ ಹದಗೊಳಿಸಿದರೆ ಹಿಗ್ಗುತ್ತದೆ. ಮದ್ದಲೆಗೆ ತೊಗಲು ಹೊದಿಸುವವರು ಇದನ್ನು ಚೆನ್ನಾಗಿ ಬಲ್ಲರು. ತಾಯಿಯ ಒಡಲಿನಲ್ಲಿಯೂ ಪ್ರಕೃತಿಯು ಈ ಉಪಾಯವನ್ನೇ ಅನುಸರಿಸಿದೆ.

ಗರ್ಭಕೋಶದ ಕೆಳತುದಿಯಲ್ಲಿ ಸುಮಾರು 3ರಿಂದ 4 ಸೆಂಟಿಮೀಟರ್ ಉದ್ದದ ಕಿರಿದಾದ ಭಾಗವೊಂದುಂಟು. ಇದೇ ಗರ್ಭಕೋಶದ ಕೊರಳು. ಗರ್ಭಕೋಶದ ಮೇಲ್ಭಾಗವು ಬಹುಮಟ್ಟಿಗೆ ಸ್ನಾಯುವಿನಿಂದಾದುದು; ಕೊರಳಾದರೋ ಬಹುಮಟ್ಟಿಗೆ ಕೊಲಾಜನ್ ಎಂಬ ನಾರಿನಿಂದಾದುದು. ತೊಗಲಿಗೆ ಗಟ್ಟಿತನವನ್ನು ಕೊಡುವುದೂ ಈ ನಾರೇ. ತಿಂಗಳುಗಟ್ಟಲೆ ಶಿಶುವಿನ ಭಾರವನ್ನು ತಡೆದು ಮುಚ್ಚಿಕೊಂಡಿದ್ದ ಈ ಕೊರಳು, ದಿನ ತುಂಬಿದಾಗ ಹದಗೊಳ್ಳುತ್ತದೆ. ನಾರುಗಳ ಬಂಧ ಸಡಿಲವಾಗುತ್ತದೆ, ನೀರಿನ ಅಂಶ ಹೆಚ್ಚುತ್ತದೆ. ಕೊನೆಗೆ ಅದು ಸುಮಾರು 10 ಸೆಂಟಿಮೀಟರ್ ಅಗಲಕ್ಕೆ ತೆರೆದುಕೊಳ್ಳುತ್ತದೆ. ಆಗ ಬಾಯಿಯ ಸುತ್ತಳತೆ 31 ಸೆಂಟಿಮೀಟರ್‌ಗಳಷ್ಟಾಗುವುದೆಂದು ವಾಚಕರು ಲೆಕ್ಕ ಹಾಕಿ ನೋಡಬಹುದು.

ಇಷ್ಟು ಹಿಗ್ಗುವಾಗ ಅಂಚಿನಲ್ಲಿ ಸಣ್ಣ ಸೀಳುಗಳಾಗುವುದು ಸಾಮಾನ್ಯ. ಅವು ಹೊಲಿಗೆಯಿಲ್ಲದೆಯೇ ಮಾಯುತ್ತವೆ. ಆದರೆ ಬಾಯಿ ಪೂರ್ತಿ ತೆರೆಯುವ ಮೊದಲೇ ಬಲವಾಗಿ ಮುಕ್ಕಿದರೆ, ಹೆರಿಗೆ ಅತಿವೇಗವಾಗಿ ಆದರೆ, ಅಥವಾ ಇಕ್ಕಳ ಹಾಕಿ ಮಗುವನ್ನು ತೆಗೆಯಬೇಕಾಗಿ ಬಂದರೆ ಆಳವಾದ ಸೀಳು ಉಂಟಾಗಬಹುದು. ಕೊರಳಿನ ಬಾಯಿಯನ್ನು ಗಡಿಯಾರದ ಮುಖವೆಂದು ಭಾವಿಸಿದರೆ, ಸೀಳುಗಳು ಹೆಚ್ಚಾಗಿ 3 ಮತ್ತು 9 ಗಂಟೆಗಳ ಸ್ಥಾನದಲ್ಲಿ ಕಾಣುತ್ತವೆ.

ಬಾಣಂತಿಗೆ ನೆತ್ತರು ಹೋಗುವುದು ಸಹಜವೆಂದು ಸುಮ್ಮನಿರುವುದು ಇಲ್ಲಿ ಪ್ರಾಣಕ್ಕೇ ಅಪಾಯ. ಮಾಸು ಬಿದ್ದ ಮೇಲೆ ಗರ್ಭಕೋಶವು ಕುಗ್ಗಿ ಗಟ್ಟಿಯಾದರೆ ರಕ್ತಸ್ರಾವವು ತಗ್ಗಬೇಕು. ಗಟ್ಟಿಯಾಗಿದ್ದರೂ ಕೆಂಪು ನೆತ್ತರು ಒಂದೇ ಸಮನೆ ಹರಿಯುತ್ತಿದ್ದರೆ, ಎಲ್ಲಿಯೋ ಸೀಳಿದೆಯೆಂದು ವೈದ್ಯರು ಶಂಕಿಸಿ ಕೂಡಲೇ ಪರೀಕ್ಷಿಸುತ್ತಾರೆ. ತುಂಡಾದ ರಕ್ತನಾಳವು ಮೇಲಕ್ಕೆ ಸರಿದಿರುವುದುಂಟು. ಆದಕಾರಣ ಮೊದಲ ಹೊಲಿಗೆಯನ್ನು ಸೀಳಿನ ಮೇಲ್ತುದಿಗಿಂತ ತುಸು ಮೇಲೆಯೇ ಹಾಕುತ್ತಾರೆ. ದಾರವು ದೇಹದಲ್ಲಿಯೇ ಕ್ರಮೇಣ ಕರಗಿಹೋಗುತ್ತದೆ.

ಬಳಿಕ ದುರಸ್ತಿಯ ಕಾರ್ಯವನ್ನು ದೇಹವೇ ವಹಿಸಿಕೊಳ್ಳುತ್ತದೆ. ಬಿಳಿಯ ರಕ್ತಕಣಗಳು ಗಾಯವನ್ನು ಶುದ್ಧಗೊಳಿಸುತ್ತವೆ. ಬೇರೆ ಜೀವಕೋಶಗಳು ಹೊಸ ಕೊಲಾಜನ್ ನೇಯುತ್ತವೆ. ಒಂದು ವಾರದೊಳಗೆ ಬಾಯಿಯು ಸುಮಾರು 1 ಸೆಂಟಿಮೀಟರಿಗೆ ಕಿರಿದಾಗುತ್ತದೆ. ಆದರೆ ಮೊದಲು ದುಂಡಗಿದ್ದ ಅದು ಇನ್ನು ಮುಂದೆ ಅಡ್ಡಗೀರಿನಂತೆ ಉಳಿಯುತ್ತದೆ.

ಆಳವಾದ ಸೀಳು ಕೆಲವೊಮ್ಮೆ ಕೊರಳಿನ ಬಲವನ್ನು ಕುಂದಿಸಿ, ಮುಂದಿನ ಗರ್ಭವು ಅಕಾಲದಲ್ಲಿ ಇಳಿಯಲು ಕಾರಣವಾಗಬಹುದು. ಬಲಗುಂದಿದ ಕೊರಳಿಗಾಗಿ ಮುಂಬಯಿಯ ವೈದ್ಯ ವಿ. ಎನ್. ಶಿರೋಡ್ಕರ್ ಅವರು 1955ರಲ್ಲಿ ಒಂದು ಉಪಾಯವನ್ನು ಪ್ರಕಟಿಸಿದರು: ತೊಡೆಯಿಂದ ತೆಗೆದ ನಾರಿನ ಪಟ್ಟಿಯನ್ನು, ಚೀಲದ ಬಾಯಿಗೆ ದಾರ ಬಿಗಿದಂತೆ, ಕೊರಳಿನ ಸುತ್ತ ಬಿಗಿಯುವುದು. ಆ ಬಗೆಯ ಹೊಲಿಗೆಗೆ ಇಂದಿಗೂ ಅವರದೇ ಹೆಸರು. ನಾರು ಸೋತೆಡೆ ನಾರೇ ನೆರವಾಯಿತು!