ಲೈಬ್ರರಿ ಪೀರಿಯಡ್ ಎಲ್ಲಿ ಹೋಯ್ತು?

ಪೇರೆಂಟ್ಸ್ ಮೀಟಿಂಗ್‌ಗೆ ಹೋದಾಗ ನಾವು ಏನೇನು ಕೇಳುತ್ತೇವೆ ಹೇಳಿ. ಗಣಿತದಲ್ಲಿ ನಾಲ್ಕು ಮಾರ್ಕ್ಸ್ ಯಾಕೆ ಕಡಿಮೆ ಬಂತು, ಸೈನ್ಸ್ ಪೋರ್ಷನ್ ಯಾವಾಗ ಮುಗಿಯುತ್ತೆ, ಸ್ಕೂಲ್ ವ್ಯಾನ್ ದಿನಾ ಯಾಕೆ ಲೇಟು, ಪಕ್ಕ ಕೂರುವ ಹುಡುಗಿ ತುಂಬಾ ಮಾತಾಡ್ತಾಳಂತೆ, ಜಾಗ ಬದಲಾಯಿಸಿ ಮಿಸ್... 'ನಿಮ್ಮ ಲೈಬ್ರರಿಯಲ್ಲಿ ಏನು ನಡೆಯುತ್ತೆ?' ಎಂದು ಕೇಳಿದ ತಾಯಿಯನ್ನು ನಾನಂತೂ ಇನ್ನೂ ನೋಡಿಲ್ಲ.

ಮುಂದಿನ ಸಲ ಕೇಳಿ ನೋಡಿ. ಅದಕ್ಕೂ ಮೊದಲು ಮಗಳ ಟೈಂಟೇಬಲ್ ತೆಗೆದು ನೋಡಿ. ವಾರಕ್ಕೊಂದು ಲೈಬ್ರರಿ ಪೀರಿಯಡ್ ಅದರಲ್ಲಿ ಇದ್ದರೂ ಇರಬಹುದು. 'ಕಳೆದ ವಾರ ಆ ಪೀರಿಯಡ್‌ನಲ್ಲಿ ಏನು ಮಾಡಿದ್ರಿ?' ಎಂದು ಅವಳನ್ನೇ ವಿಚಾರಿಸಿ. 'ಮ್ಯಾಥ್ಸ್ ಸರ್ ಬಂದು ಲೆಕ್ಕ ಮಾಡಿಸಿದ್ರಮ್ಮ' ಎಂಬ ಉತ್ತರ ಬಂದರೆ ಆಶ್ಚರ್ಯ ಪಡಬೇಡಿ. ಎಂಟನೇ ಕ್ಲಾಸಿಗೆ ಬಂದ ಮೇಲೆ ಲೈಬ್ರರಿ ಪೀರಿಯಡ್ ಅಂದರೆ ಯಾರು ಬೇಕಾದರೂ ಎತ್ತಿಕೊಂಡು ಹೋಗಬಹುದಾದ ಪೀರಿಯಡ್. ಹತ್ತನೇ ಕ್ಲಾಸಿನಲ್ಲಂತೂ ಅದರ ಹೆಸರನ್ನೂ ಎತ್ತುವ ಹಾಗಿಲ್ಲ!

ಚಿಕ್ಕ ಕ್ಲಾಸುಗಳಲ್ಲಿ ಹಾಗಿರಲಿಲ್ಲ. ಬಣ್ಣದ ಪುಸ್ತಕ, ಕಥೆ ಹೇಳುವ ಮಿಸ್, ರಾತ್ರಿ ಮಲಗುವಾಗ 'ಇನ್ನೊಂದು ಕಥೆ ಅಮ್ಮಾ' ಎಂಬ ಹಟ. ಅದೇ ಮಗು ಹದಿಮೂರಕ್ಕೆ ಬರುವ ಹೊತ್ತಿಗೆ ಕೈಯಲ್ಲಿರುವುದು ಟೆಕ್ಸ್ಟ್ ಬುಕ್, ಗೈಡು, ಇಲ್ಲದಿದ್ದರೆ ಮೊಬೈಲು. ಆದರೆ ಕಥೆ ಪುಸ್ತಕದ ಅವಶ್ಯಕತೆ ಹೆಚ್ಚಾಗುವುದು ಆ ವಯಸ್ಸಿನಲ್ಲೇ ಅಲ್ಲವೇ? ಹದಿನಾಲ್ಕರ ಹುಡುಗಿ ಅಮ್ಮನ ಹತ್ತಿರ ಹೇಳದೇ ಇರುವುದು ಎಷ್ಟೋ ಇರುತ್ತೆ. ಮೈ ಬದಲಾಗುವುದು, ಗೆಳತಿ ಮಾತು ಬಿಡುವುದು, ಮನೆಯಲ್ಲಿ ದೊಡ್ಡವರ ಜಗಳ. ಇವೆಲ್ಲ ತನಗೊಬ್ಬಳಿಗೇ ಆಗುತ್ತಿಲ್ಲ ಎಂದು ಅವಳಿಗೆ ಗೊತ್ತಾಗುವ ದಾರಿಗಳಲ್ಲಿ ಕಾದಂಬರಿಯೂ ಒಂದು. ನಮ್ಮ ತಾಯಂದಿರ ಕಾಲದಲ್ಲಿ ಬೀದಿಯ ಕೊನೆಯಲ್ಲೊಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇರುತ್ತಿತ್ತು. ತ್ರಿವೇಣಿ, ಎಂ.ಕೆ. ಇಂದಿರಾ ಅವರ ಕಾದಂಬರಿಗಳು ಒಂದು ಮನೆಯಿಂದ ಇನ್ನೊಂದು ಮನೆಗೆ ಓಡಾಡುತ್ತಿದ್ದವು. ಈಗ ಆ ಅಂಗಡಿಗಳು ಸಿಗುವುದೇ ಅಪರೂಪ. ಎಷ್ಟೋ ಮಕ್ಕಳಿಗೆ ಪಠ್ಯದ ಹೊರಗಿನ ಪುಸ್ತಕ ಸಿಗಬೇಕಾದರೆ ಅದು ಶಾಲೆಯ ಲೈಬ್ರರಿಯಲ್ಲೇ ಸಿಗಬೇಕು.

'ನಮ್ಮ ಶಾಲೆಯಲ್ಲಿ ಮಾಡ್ತಾರಲ್ಲಾ, ಪ್ರತಿವರ್ಷ ಪುಸ್ತಕ ದಿನ, ಗ್ರಂಥಾಲಯ ಸಪ್ತಾಹ' ಎನ್ನುತ್ತೀರೇನೋ. ಮಾಡುತ್ತಾರೆ ನಿಜ. ಏಪ್ರಿಲ್ 23ರ ವಿಶ್ವ ಪುಸ್ತಕ ದಿನ ಬೇಸಿಗೆ ರಜೆಯಲ್ಲಿ ಬರುವುದರಿಂದ ನಮ್ಮ ಶಾಲೆಗಳಿಗೆ ಅಷ್ಟಾಗಿ ಒದಗುವುದಿಲ್ಲ. ನವೆಂಬರ್ 14ರಿಂದ 20ರವರೆಗಿನ ಗ್ರಂಥಾಲಯ ಸಪ್ತಾಹ ಮಾತ್ರ ಮಕ್ಕಳ ದಿನಾಚರಣೆಯ ಜತೆಗೇ ಬರುತ್ತೆ. ಆಗ ನಡೆಯುವುದು ಏನು? 'ಪುಸ್ತಕದ ಮಹತ್ವ' ಕುರಿತು ಭಾಷಣ ಸ್ಪರ್ಧೆ, ಪ್ರಬಂಧ ಸ್ಪರ್ಧೆ, ಒಂದು ಕ್ವಿಜ್, ಚಾರ್ಟು ಬರೆಯುವ ಪೈಪೋಟಿ. ಭಾಷಣ ಬರೆದುಕೊಡುವುದು ಅಮ್ಮ, ಬಾಯಿಪಾಠ ಮಾಡುವುದು ಮಗಳು. ಬಹುಮಾನ ಪ್ರತಿವರ್ಷದ ಅದೇ ಮೂವರಿಗೆ. ಉಳಿದ ಐವತ್ತು ಮಕ್ಕಳು ಕೂತು ಚಪ್ಪಾಳೆ ತಟ್ಟುತ್ತಾರೆ. ಇಡೀ ವಾರದಲ್ಲಿ ಒಂದು ಮಗುವಾದರೂ ಒಂದು ಪುಸ್ತಕವನ್ನು ಬಿಡಿಸಿ ಓದಿತೇ ಎಂದು ಲೆಕ್ಕ ಹಾಕಿದರೆ ಗೊತ್ತಾಗುತ್ತೆ, ಓದಿನ ಕಾರ್ಯಕ್ರಮದಲ್ಲಿ ಎಲ್ಲವೂ ಇತ್ತು, ಓದು ಮಾತ್ರ ಇರಲಿಲ್ಲ.

ಹಾಗಾದರೆ ಏನು ಮಾಡಬಹುದು? ಜಪಾನಿನ ಒಂದು ಕಥೆ ಹೇಳುತ್ತೇನೆ. 1988ರಲ್ಲಿ ಚಿಬಾ ಪ್ರಾಂತ್ಯದ ಹೆಣ್ಣುಮಕ್ಕಳ ಹೈಸ್ಕೂಲೊಂದರಲ್ಲಿ ಶಿಕ್ಷಕರು 'ಬೆಳಗಿನ ಓದು' ಎಂಬ ಪದ್ಧತಿ ಶುರು ಮಾಡಿದರು. ಪಾಠ ಆರಂಭವಾಗುವ ಮುಂಚೆ ಬರೀ 10 ನಿಮಿಷ. ಅದಕ್ಕೆ ನಾಲ್ಕೇ ನಿಯಮ. ಎಲ್ಲರೂ ಓದಬೇಕು, ಟೀಚರ್ ಕೂಡಾ. ಪ್ರತಿದಿನ ಓದಬೇಕು. ತಮಗೆ ಇಷ್ಟವಾದ ಪುಸ್ತಕ ಓದಬೇಕು. ಸುಮ್ಮನೆ ಓದಿದರೆ ಸಾಕು. ಅಂದರೆ, ಓದಿದ್ದರ ಮೇಲೆ ಪ್ರಶ್ನೆಯಿಲ್ಲ, ಪ್ರಬಂಧವಿಲ್ಲ, ಮಾರ್ಕ್ಸಿಲ್ಲ. ಮುಂದೆ ಇದು ಆ ದೇಶದ ಸಾವಿರಾರು ಶಾಲೆಗಳಿಗೆ ಹಬ್ಬಿತು.

ಈ ನಾಲ್ಕರಲ್ಲಿ ನಮ್ಮವರಿಗೆ ನುಂಗಲು ಕಷ್ಟವಾಗುವುದು ಕೊನೆಯದು. ಓದಿದ ಮೇಲೆ ಏನಾದರೂ ಬರೆಸದಿದ್ದರೆ ನಮಗೆ ಸಮಾಧಾನವೇ ಇಲ್ಲ! 'ಪುಸ್ತಕ ಓದಿ, ಸಾರಾಂಶ ಎರಡು ಪುಟ, ಐದು ಅಂಕ' ಎಂದ ಕ್ಷಣವೇ ಅದೂ ಒಂದು ಹೋಂವರ್ಕ್ ಆಗುತ್ತೆ. ಜಾಸ್ತಿ ಪುಸ್ತಕ ಓದಿದವರಿಗೆ ಬಹುಮಾನ ಎಂದಿರೋ, ಮಕ್ಕಳು ಜಾಣರು, ಕಪಾಟಿನಲ್ಲಿ ತೆಳ್ಳಗಿನ ಪುಸ್ತಕಗಳೇ ಮೊದಲು ಖಾಲಿಯಾಗುತ್ತವೆ. 300 ಪುಟದ ಒಂದೇ ಕಾದಂಬರಿಯನ್ನು ತಿಂಗಳಿಡೀ ಇಟ್ಟುಕೊಂಡು ನಿಧಾನವಾಗಿ ಓದಿದ ಹುಡುಗಿ ಪಟ್ಟಿಯಲ್ಲಿ ಕೊನೆಯವಳಾಗುತ್ತಾಳೆ.

ಹತ್ತು ನಿಮಿಷ ಎಲ್ಲಿಂದ ತರೋದು ಎಂದು ಹೆಡ್‌ಮಿಸ್ ಕೇಳಬಹುದು. ಬೆಳಗಿನ ಪ್ರಾರ್ಥನೆ ಮುಗಿದು ಹಾಜರಿ ಕರೆಯುವ ಹೊತ್ತು, ಊಟ ಮುಗಿದು ಮಕ್ಕಳು ಗಲಾಟೆ ಮಾಡುವ ಹೊತ್ತು... ಹುಡುಕಿದರೆ ಸಿಗುತ್ತೆ.

ಜಪಾನಿನದೇ ಇನ್ನೊಂದು ಆಟವಿದೆ, ನನಗೆ ಬಹಳ ಹಿಡಿಸಿದ್ದು. ಹೆಸರು 'ಬಿಬ್ಲಿಯೋಬ್ಯಾಟಲ್'. 2007ರಲ್ಲಿ ಕ್ಯೋಟೋ ವಿಶ್ವವಿದ್ಯಾಲಯದಲ್ಲಿ ಹುಟ್ಟಿತು. ನಾಲ್ಕೈದು ಜನ ತಮಗಿಷ್ಟವಾದ ಒಂದೊಂದು ಪುಸ್ತಕ ಹಿಡಿದು ಬರಬೇಕು. ಒಬ್ಬೊಬ್ಬರಿಗೂ 5 ನಿಮಿಷ. ಕೈಯಲ್ಲಿ ಚೀಟಿ ಇಟ್ಟುಕೊಳ್ಳುವಂತಿಲ್ಲ, ಮಾತಾಡುವ ಹಾಗೆ ಮಾತಾಡಬೇಕು. ಆಮೇಲೆ ಎರಡು-ಮೂರು ನಿಮಿಷ ಉಳಿದವರು ಪ್ರಶ್ನೆ ಕೇಳುತ್ತಾರೆ. ಕೊನೆಗೆ ಎಲ್ಲರೂ ಓಟು ಹಾಕುತ್ತಾರೆ. ಗುಟ್ಟು ಇರುವುದು ಈ ಓಟಿನಲ್ಲಿ. 'ಯಾರು ಚೆನ್ನಾಗಿ ಮಾತಾಡಿದರು?' ಎಂದು ಕೇಳುವುದಿಲ್ಲ, 'ಯಾವ ಪುಸ್ತಕ ಓದಬೇಕು ಅನ್ನಿಸಿತು?' ಎಂದು ಕೇಳುತ್ತಾರೆ. ಗೆಲ್ಲುವುದು ಮಗುವಲ್ಲ, ಪುಸ್ತಕ. ಹಾಗಾಗಿ ತಡವರಿಸುತ್ತಾ ಮಾತಾಡುವ ಹುಡುಗನ ಪುಸ್ತಕವೂ ಗೆಲ್ಲಬಹುದು.

ಯೋಚಿಸಿ, ನಾವು ಹೊಸ ತಿಂಡಿ ಮಾಡುವುದು ಹೇಗೆ? ಪಕ್ಕದ ಮನೆಯವರು 'ಕಣ್ರೀ, ಒಂದ್ಸಲ ಮಾಡಿ ನೋಡಿ' ಅಂದಾಗ. ಮಕ್ಕಳೂ ಹಾಗೇ. ಟೀಚರ್ 'ಒಳ್ಳೆಯ ಪುಸ್ತಕ, ಓದಿ' ಎಂದರೆ ಕದಲದವರು, ಹಿಂದಿನ ಬೆಂಚಿನ ಗೆಳೆಯ 'ತೇಜಸ್ವಿ ಅವರ ಕರ್ವಾಲೊ ಓದೋ, ಹಾರುವ ಓತಿ ಹುಡುಕ್ಕೊಂಡು ಕಾಡಿಗೆ ಹೋಗ್ತಾರೆ' ಎಂದರೆ ಮರುದಿನವೇ ಲೈಬ್ರರಿ ಬಾಗಿಲಲ್ಲಿರುತ್ತಾರೆ. ಒಂದು ಪೀರಿಯಡ್‌ನಲ್ಲಿ ನಾಲ್ಕು ಪುಸ್ತಕದ ಮಾತು ಆರಾಮವಾಗಿ ಮುಗಿಯುತ್ತೆ. ಒಂದೇ ಎಚ್ಚರಿಕೆ, ಗೆದ್ದ ಪುಸ್ತಕದ ಒಂದೇ ಪ್ರತಿ ಇದ್ದರೆ ಹೆಸರು ಬರೆಸಿ ಸರದಿ ಮಾಡಿ. ಇಲ್ಲದಿದ್ದರೆ ಜಗಳ!

ಇನ್ನೊಂದು ಉಪಾಯಕ್ಕೆ ನಮ್ಮ ಕೈಚಳಕವೇ ಸಾಕು. ಪ್ರತಿ ಜೂನ್‌ನಲ್ಲಿ ಕೂತು ನೋಟ್ ಬುಕ್ಕಿಗೆಲ್ಲ ಬೈಂಡ್ ಹಾಕುತ್ತೇವಲ್ಲ, ಹಾಗೇ ಲೈಬ್ರರಿಯ ಹದಿನೈದು-ಇಪ್ಪತ್ತು ಕಥೆ ಪುಸ್ತಕಗಳಿಗೆ ಹಳೇ ನ್ಯೂಸ್ ಪೇಪರ್ ಸುತ್ತಿ, ಹೆಸರು ಕಾಣದಂತೆ ಮಾಡಿ. ಮೇಲೊಂದು ಚೀಟಿ ಅಂಟಿಸಿ, ಮೂರೇ ಮೂರು ಸುಳಿವು ಬರೆಯಿರಿ. 'ಕಾಡು, ಸಸ್ಯ ಹುಡುಕುವ ಮೇಷ್ಟ್ರು, ತುಂಬಾ ನಗು' ಎಂದು ಬರೆದಿದ್ದರೆ ಒಳಗೆ ಬಿ.ಜಿ.ಎಲ್. ಸ್ವಾಮಿಯವರ 'ಹಸುರು ಹೊನ್ನು' ಇರುತ್ತೆ. ಮಕ್ಕಳು ಚೀಟಿ ಓದಿ ಆರಿಸಿಕೊಂಡು ಮನೆಗೆ ಹೋಗಿಯೇ ಬಿಚ್ಚಬೇಕು. ರಟ್ಟು ಕಿತ್ತು, ಬಣ್ಣ ಮಾಸಿ ಯಾರೂ ಮುಟ್ಟದೇ ಕೂತ ಪುಸ್ತಕಗಳಿಗೆ ಇದರಿಂದ ಮತ್ತೆ ಜೀವ ಬರುತ್ತೆ. ಸುಳಿವು ಬರೆಯುವವರು ಪುಸ್ತಕ ಓದಿರಬೇಕು, ಅಷ್ಟೇ. ಆ ನೆಪದಲ್ಲಿ ನೀವೂ ನಾಲ್ಕು ಓದಿ.

ಇಂಗ್ಲಿಷ್ ಮೀಡಿಯಂನಲ್ಲಿ ಓದುವ ನಮ್ಮ ನಗರದ ಮಕ್ಕಳದ್ದು ಬೇರೆಯೇ ಪಾಡು. ಮನೆಯಲ್ಲಿ ಕನ್ನಡ ಪಟಪಟ ಮಾತಾಡ್ತಾರೆ, ಪುಸ್ತಕ ಕೊಟ್ಟರೆ ಒತ್ತಕ್ಷರ ಬಂದಲ್ಲೆಲ್ಲ ನಿಂತುಬಿಡ್ತಾರೆ. ಒಂಬತ್ತನೇ ಕ್ಲಾಸಿನ ಹುಡುಗಿಗೆ ಚಿಕ್ಕ ಮಕ್ಕಳ ಪುಸ್ತಕ ಕೊಟ್ಟರೆ ಅವಮಾನ, ದೊಡ್ಡ ಪುಸ್ತಕ ಕೊಟ್ಟರೆ ಬೇಸರ. ಇದಕ್ಕೊಂದು ಜಾಣ ದಾರಿಯಿದೆ. ವಾರಕ್ಕೊಮ್ಮೆ ಅವಳನ್ನು ಒಂದನೇ ಅಥವಾ ಎರಡನೇ ಕ್ಲಾಸಿನ ಮಗುವಿಗೆ ಕಥೆ ಓದಿ ಹೇಳಲು ಕಳಿಸಿ. ಪುಸ್ತಕ ಮಗುವಿನದು, ಆದ್ದರಿಂದ ಯಾರೂ ನಗುವುದಿಲ್ಲ. ಮಗುವಿನ ಮುಂದೆ ತಡವರಿಸಬಾರದಲ್ಲ ಎಂದು ಹಿಂದಿನ ದಿನವೇ ಅವಳು ಎರಡು ಸಲ ಗಟ್ಟಿಯಾಗಿ ಓದಿಕೊಳ್ಳುತ್ತಾಳೆ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ಆರಂಭಿಸಿದ ಸ್ಟೋರಿವೀವರ್‌ನಲ್ಲಿ ಕನ್ನಡದ ಚಿತ್ರಕಥೆಗಳು ಉಚಿತವಾಗಿ ಸಿಗುತ್ತವೆ, ಪ್ರಿಂಟ್ ತೆಗೆದುಕೊಳ್ಳಬಹುದು.

ಗಟ್ಟಿಯಾಗಿ ಓದುವುದು ಚಿಕ್ಕ ಮಕ್ಕಳಿಗೆ ಮಾತ್ರ ಎಂದುಕೊಳ್ಳಬೇಡಿ. ನಮ್ಮಲ್ಲಿ ಗಮಕ ಇರಲಿಲ್ಲವೇ? ಒಬ್ಬರು ಕುಮಾರವ್ಯಾಸನ ಪದ್ಯ ವಾಚನ ಮಾಡುವುದು, ಇನ್ನೊಬ್ಬರು ಅರ್ಥ ಹೇಳುವುದು, ಅಕ್ಷರ ಬಾರದ ಅಜ್ಜಿಯೂ ಕೂತು ಕೇಳುವುದು. ಲೈಬ್ರರಿ ಪೀರಿಯಡ್‌ನಲ್ಲಿ ಟೀಚರ್ ಒಂದು ಪತ್ತೇದಾರಿ ಕಥೆ ಓದಲು ಶುರು ಮಾಡಿ, ಕೊಲೆಗಾರ ಯಾರು ಎನ್ನುವ ಹೊತ್ತಿಗೆ ಗಂಟೆ ಹೊಡೆಯುವಂತೆ ನೋಡಿಕೊಂಡರೆ ಸಾಕು. ಮುಂದಿನ ವಾರದವರೆಗೆ ಕಾಯುವ ತಾಳ್ಮೆ ಯಾವ ಮಗುವಿಗಿದೆ?

ಓದುತ್ತಾ ಓದುತ್ತಾ ಪುಸ್ತಕ ಹಿಡಿಸದಿದ್ದರೆ ಬಿಟ್ಟುಬಿಡಲಿ. ಡೇನಿಯಲ್ ಪೆನ್ನಾಕ್ ಎಂಬ ಫ್ರೆಂಚ್ ಲೇಖಕ, ಅವರೂ ಮೇಷ್ಟ್ರಾಗಿದ್ದವರೇ, 1992ರಲ್ಲಿ ಓದುಗರ ಹತ್ತು ಹಕ್ಕುಗಳನ್ನು ಪಟ್ಟಿ ಮಾಡಿದರು. ಪುಟ ಹಾರಿಸುವ ಹಕ್ಕು, ಪುಸ್ತಕ ಮುಗಿಸದಿರುವ ಹಕ್ಕು, ಓದಿದ್ದನ್ನೇ ಮತ್ತೆ ಓದುವ ಹಕ್ಕು ಎಲ್ಲ ಅದರಲ್ಲಿವೆ. ತಟ್ಟೆಗೆ ಹಾಕಿದ್ದನ್ನು ಪೂರ್ತಿ ತಿನ್ನಲೇಬೇಕು ಎಂಬ ಅಡುಗೆಮನೆ ನಿಯಮ ಪುಸ್ತಕಕ್ಕೆ ಬೇಡ. ಕಾಮಿಕ್ಸ್ ಓದಿದರೂ ಓದಲಿ ಬಿಡಿ, ಅಮರ ಚಿತ್ರಕಥೆ ಓದಿದವರು ಯಾರೂ ಕೆಟ್ಟಿಲ್ಲ.

ಇಷ್ಟೆಲ್ಲ ಮಾಡಬೇಕಾದರೆ ಮೊದಲು ಕಪಾಟಿನ ಬೀಗ ತೆಗೆಯಬೇಕಲ್ಲ! ಎಷ್ಟೋ ಶಾಲೆಗಳಲ್ಲಿ ಅಡ್ಡಿಯಾಗಿರುವುದು ಅದೇ. ಪೂರ್ಣಾವಧಿ ಲೈಬ್ರರಿಯನ್ ಇಲ್ಲದ ಕಡೆ ಕೀಲಿಕೈ ಯಾವುದೋ ಒಬ್ಬ ಶಿಕ್ಷಕರ ಬ್ಯಾಗಿನಲ್ಲಿರುತ್ತೆ. ಪುಸ್ತಕ ಕಳೆದರೆ ಲೆಕ್ಕ ಕೊಡಬೇಕಾದವರು ಅವರೇ, ಆದ್ದರಿಂದ ಕೊಡದಿರುವುದೇ ಕ್ಷೇಮ ಎನ್ನುತ್ತಾರೆ. ಅವರನ್ನು ಬೈದು ಪ್ರಯೋಜನವಿಲ್ಲ. ಪಿ.ಟಿ.ಎ.ಯಲ್ಲೇ ತೀರ್ಮಾನ ಮಾಡಿಸಿ, ವರ್ಷಕ್ಕೆ ಇಂತಿಷ್ಟು ಪುಸ್ತಕ ಕಳೆದರೆ ಟೀಚರ್ ಜವಾಬ್ದಾರಿಯಲ್ಲ, ಪಾಲಕರು ಸೇರಿ ತಂದುಕೊಡುತ್ತೇವೆ ಎಂದು ಬರೆದುಕೊಡಿ. ಸರ್ಕಾರಿ ಶಾಲೆಯಾದರೆ ಸಮಗ್ರ ಶಿಕ್ಷಾ ಯೋಜನೆಯಲ್ಲಿ ಶಾಲೆಯ ಹಂತ ನೋಡಿಕೊಂಡು 5,000ದಿಂದ 20,000 ರೂಪಾಯಿವರೆಗೆ ಲೈಬ್ರರಿ ಅನುದಾನಕ್ಕೆ ಅವಕಾಶವಿದೆ. ಎಸ್‌ಡಿಎಂಸಿ ಸಭೆಯಲ್ಲಿ ಅದರ ಬಗ್ಗೆ ವಿಚಾರಿಸುವುದರಲ್ಲಿ ತಪ್ಪೇನಿಲ್ಲ.

'ಪುಸ್ತಕಗಳು ಇರುವುದು ಬಳಕೆಗಾಗಿ' ಎಂಬುದು ಎಸ್.ಆರ್. ರಂಗನಾಥನ್ 1931ರಲ್ಲಿ ಪ್ರಕಟಿಸಿದ ಗ್ರಂಥಾಲಯದ ಐದು ಸೂತ್ರಗಳಲ್ಲಿ ಮೊದಲನೆಯದು. ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಂದೇ ಹೆಸರಾದ ಅವರು ಕೊನೆಯ ವರ್ಷಗಳನ್ನು ಕಳೆದದ್ದು ನಮ್ಮ ಬೆಂಗಳೂರಿನಲ್ಲೇ, ತೀರಿಕೊಂಡದ್ದೂ ಇಲ್ಲೇ, 1972ರಲ್ಲಿ. ಮದ್ರಾಸ್ ವಿಶ್ವವಿದ್ಯಾಲಯದ ಲೈಬ್ರರಿಯನ್ ಆಗುವ ಮೊದಲು ಅವರು ಏನಾಗಿದ್ದರು ಗೊತ್ತಾ? ಗಣಿತದ ಮೇಷ್ಟ್ರು! ಲೈಬ್ರರಿ ಪೀರಿಯಡ್ ತೆಗೆದುಕೊಳ್ಳುವ ಮ್ಯಾಥ್ಸ್ ಸರ್‌ಗೆ ನಗುನಗುತ್ತಾ ಇದನ್ನೊಮ್ಮೆ ಹೇಳಿ.

ಬರೀ ಕೇಳುವುದಲ್ಲ, ನಾವೂ ಕೈ ಜೋಡಿಸಬೇಕಾಗುತ್ತೆ. ಬೆಳಗಿನ ಕೆಲಸ ಮುಗಿದ ಮೇಲೆ ವಾರಕ್ಕೊಂದು ಗಂಟೆ ಹೋಗಿ ಪುಸ್ತಕ ಕೊಟ್ಟು ತೆಗೆದುಕೊಳ್ಳುವ ರಿಜಿಸ್ಟರ್ ಬರೆಯಬಹುದು. ಹರಿದದ್ದಕ್ಕೆ ಗೋಂದು ಹಚ್ಚಬಹುದು. ಮಗಳ ಹುಟ್ಟುಹಬ್ಬಕ್ಕೆ ಕ್ಲಾಸಿಗೆಲ್ಲ ಚಾಕೊಲೇಟ್ ಹಂಚುವ ದುಡ್ಡಿನಲ್ಲಿ ಅವಳೇ ಆರಿಸಿದ ಒಂದು ಪುಸ್ತಕವನ್ನು ಲೈಬ್ರರಿಗೆ ಕೊಡಿಸಬಹುದು. ಮನೆಯಲ್ಲಿ ಬೇಡವಾದ ಹಳೇ ಗೈಡುಗಳನ್ನೆಲ್ಲ ಮಾತ್ರ ಶಾಲೆಗೆ ದಾನ ಮಾಡಬೇಡಿ, ದಯವಿಟ್ಟು. ಅವಕ್ಕೆ ರದ್ದಿ ಅಂಗಡಿ ಇದೆ.

ಶಾಲೆಯವರು ಒಂದೇ ಸಲಕ್ಕೆ ಎಲ್ಲಕ್ಕೂ ಒಪ್ಪಲಾರರು. ಎಂಟನೇ ಕ್ಲಾಸಿನಿಂದ ಶುರು ಮಾಡಿ ಎನ್ನಿ, ಅಲ್ಲಿ ಇನ್ನೂ ಬೋರ್ಡ್ ಪರೀಕ್ಷೆಯ ಭಯವಿರುವುದಿಲ್ಲ. ನಿಮ್ಮ ಜತೆ ಇನ್ನಿಬ್ಬರು ತಾಯಂದಿರನ್ನು ಕರೆದುಕೊಂಡು ಹೋಗಿ. ಶಾಲೆ ಶುರುವಾಗುವ ವಾರದಲ್ಲೇ ಹೋಗಿ. ಟೈಂಟೇಬಲ್ ಹಾಕುವುದು ಆಗಲೇ. ಜುಲೈನಲ್ಲಿ ಹೋದಿರೋ, 'ಮುಂದಿನ ವರ್ಷ ನೋಡೋಣ ಮೇಡಂ' ಎನ್ನುತ್ತಾರೆ.